ಹಾವೇರಿ ಅಲ್ಲ, ಹಾವೊರಿ: ಜಪಾನಿನ ಜಾಕೆಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಕ್ಯೋಟೋದಲ್ಲಿ, ಕೆಲಸ ಒಸಾಕಾದಲ್ಲಿ. ವಾರಕ್ಕೆ ಮೂರು ದಿನವಾದರೂ ಜೀನ್ಸ್ ಮೇಲೆ ಒಂದು ಹಳೇ ಹಾವೊರಿ ಹಾಕಿಕೊಂಡು ರೈಲು ಹತ್ತುತ್ತೇನೆ. ಫೋಟೋ ನೋಡಿದ ಊರಿನವರು, ಇಲ್ಲಿಗೆ ಹೊಸದಾಗಿ ಬಂದ ಕನ್ನಡದವರು, ಟ್ರಿಪ್ ಮುಗಿಸಿ ಒಂದನ್ನು ಕೊಂಡು ಹೋಗಿ "ಈಗ ಇದನ್ನ ಏನ್ ಮಾಡ್ಲಿ" ಅನ್ನುವವರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಪ್ರತಿ ಸಲ ಫೋನಿನಲ್ಲಿ ಟೈಪ್ ಮಾಡಿ ಬೆರಳು ಸೋತಿದೆ. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ.

ಹಾವೊರಿ ಅಂದರೇನು? ಕಿಮೋನೋನೇ ತಾನೆ?

ಅಲ್ಲ. ಕಿಮೋನೋ ಮೈಗೆ ಸುತ್ತಿ, ಎದೆಯ ಮೇಲೆ ಒಂದು ಅಂಚಿನ ಮೇಲೆ ಇನ್ನೊಂದು ತಂದು, ಓಬಿ ಅನ್ನುವ ಅಗಲ ಪಟ್ಟಿ ಬಿಗಿದು ಉಡುವ ಬಟ್ಟೆ. ಹಾವೊರಿ ಅದರ ಮೇಲೆ ಹಾಕುವ ಕೋಟು. ತೊಡೆಯವರೆಗೋ ಮೊಣಕಾಲಿನವರೆಗೋ ಬರುತ್ತದೆ. ಮುಂದೆ ತೆರೆದೇ ಇರುತ್ತದೆ. ಎದೆಯ ಹತ್ತಿರ ಒಂದು ಪುಟ್ಟ ಹುರಿ ಕಟ್ಟುತ್ತಾರೆ, ಅಷ್ಟೇ.

'ಹಾವೊರು' ಅಂದರೆ ಹೆಗಲ ಮೇಲೆ ಹೊದ್ದುಕೊಳ್ಳುವುದು. ಹೆಸರು ಬಂದದ್ದು ಅಲ್ಲಿಂದ. ಬರೆಯುವಾಗ 'ಗರಿ' ಮತ್ತು 'ನೇಯ್ಗೆ' ಎಂಬ ಎರಡು ಅಕ್ಷರ ಬಳಸುತ್ತಾರೆ. ನೋಡಲು ಚೆಂದ, ಆದರೆ ಗರಿಗೂ ಇದಕ್ಕೂ ಸಂಬಂಧ ಇಲ್ಲ, ಸದ್ದಿಗೆ ಹೊಂದಿಸಿದ ಅಕ್ಷರಗಳು ಅವು. ಉಚ್ಚಾರ ಹ-ಒ-ರಿ. ಬೇಗ ಹೇಳಿದರೆ ಹಾವೊರಿ. ನಮ್ಮಮ್ಮ ಈಗಲೂ ಹಾವೇರಿ ಅಂತಲೇ ಅನ್ನುವುದು.

ನಾವು ಹಾಕಿಕೊಂಡರೆ ಜಪಾನಿನವರಿಗೆ ಬೇಜಾರಾಗಲ್ವಾ?

ಎಲ್ಲರಿಗಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ನನ್ನ ಅನುಭವ ಹೇಳುತ್ತೇನೆ. ಮೊದಲ ವರ್ಷ ಸಿಟಿ ಬಸ್ಸಿನಲ್ಲಿ ನಿಂತಿದ್ದೆ. ಹಿಂದಿನಿಂದ ಯಾರೋ ಕುತ್ತಿಗೆ ಮುಟ್ಟಿದ ಹಾಗಾಯಿತು. ತಿರುಗಿದರೆ ಎಂಬತ್ತರ ಆಸುಪಾಸಿನ ಅಜ್ಜಿ. ಕ್ಷಮೆ ಕೇಳುತ್ತಲೇ ನನ್ನ ಕಾಲರನ್ನು ಹೊರಕ್ಕೆ ಮಡಿಸಿ, ಬೆನ್ನಿನ ಮೇಲೆ ಎರಡು ಸಲ ಸವರಿ, ತನ್ನ ಸ್ಟಾಪಿನಲ್ಲಿ ಇಳಿದು ಹೋದರು. ಬೇಜಾರು ಅಂತ ಯಾರಾದರೂ ತೋರಿಸಿದ್ದರೆ ಅದು ಹಾಕಿದ್ದಕ್ಕಲ್ಲ, ಸರಿಯಾಗಿ ಹಾಕದಿದ್ದಕ್ಕೆ. ಕ್ಯೋಟೋದಲ್ಲಿ ಪ್ರವಾಸಿಗಳಿಗೆ ಕಿಮೋನೋ ಬಾಡಿಗೆಗೆ ಕೊಡುವ ಅಂಗಡಿಗಳು ಬೀದಿಗೊಂದು ಇವೆ. ಇಲ್ಲಿನವರಿಗೆ ನಾವು ಹಾಕುವುದು ಹೊಸದೇನಲ್ಲ.

ಜಗಳ ಆಗಿಲ್ಲ ಅಂತಲ್ಲ. 2015ರಲ್ಲಿ ಅಮೆರಿಕದ ಬಾಸ್ಟನ್ ಫೈನ್ ಆರ್ಟ್ಸ್ ಮ್ಯೂಸಿಯಂನಲ್ಲಿ ಫ್ರಾನ್ಸಿನ ಚಿತ್ರಕಾರ ಮೋನೆಯ ಒಂದು ಚಿತ್ರದ ಮುಂದೆ, ಆ ಚಿತ್ರದಲ್ಲಿರುವ ಥರದ್ದೇ ಕಿಮೋನೋ ತೊಟ್ಟು ಫೋಟೋ ತೆಗೆಸಿಕೊಳ್ಳಿ ಅಂದರು. ಪ್ರತಿಭಟನೆ ಆಯಿತು. ಅದಕ್ಕೆ ಎದುರಾಗಿ, ಹಾಕಿದರೇನು ತಪ್ಪು ಅಂತ ಕಿಮೋನೋ ತೊಟ್ಟೇ ಬಂದವರೂ ಇದ್ದರು. 2019ರಲ್ಲಿ ಅಮೆರಿಕದ ಟಿವಿ ತಾರೆ ಕಿಮ್ ಕಾರ್ಡಾಶಿಯನ್ ತನ್ನ ಒಳಉಡುಪಿನ ಬ್ರ್ಯಾಂಡಿಗೆ 'ಕಿಮೋನೋ' ಅಂತ ಹೆಸರಿಟ್ಟಾಗ ಕ್ಯೋಟೋದ ಮೇಯರ್ ಪತ್ರ ಬರೆದರು, ಹೆಸರು 'ಸ್ಕಿಮ್ಸ್' ಆಯಿತು. ಅಲ್ಲಿ ಸಿಟ್ಟು ಬಂದದ್ದು ತೊಟ್ಟಿದ್ದಕ್ಕಲ್ಲ. ಎಲ್ಲರ ಹೆಸರನ್ನು ಒಬ್ಬರು ತಮ್ಮ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹೊರಟಿದ್ದಕ್ಕೆ.

ಹಾಕಿಕೊಳ್ಳಿ. ವೇಷ ಕಟ್ಟಿಕೊಂಡು, ಕಣ್ಣು ಎಳೆದು ಫೋಟೋ ತೆಗೆಸಿಕೊಳ್ಳಬೇಡಿ. ಇದನ್ನು ಹೇಳಬೇಕಾಗಿಯೇ ಇರಬಾರದಿತ್ತು.

ಹಿಂದೆ ಯಾರು ಹಾಕುತ್ತಿದ್ದರು?

ಗಂಡಸರು. ಯುದ್ಧದ ಕಾಲದ ಸಾಮುರಾಯ್‌ಗಳು ಕವಚದ ಮೇಲೆ 'ಜಿಂಬಾವೊರಿ' ಅನ್ನುವ ತೋಳಿಲ್ಲದ ಕೋಟು ಹಾಕುತ್ತಿದ್ದರು. ಎದೋ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗೆ, ಹಾವೊರಿ ಊರಿನ ವ್ಯಾಪಾರಿಗಳಿಗೂ ಬಂತು. ಹೆಂಗಸರಲ್ಲಿ ಮೊದಲು ಹಾಕಿದವರು ಎದೋ ಪಟ್ಟಣದ, ಅಂದರೆ ಈಗಿನ ಟೋಕಿಯೋದ, ಫುಕಾಗಾವಾ ಪ್ರದೇಶದ ಗೇಶಾಗಳು, ಅಂದರೆ ಹಾಡಿ ಕುಣಿದು ರಂಜಿಸುವ ಕಲಾವಿದೆಯರು. ಗಂಡಸರ ಕೋಟು ಹಾಕಿಕೊಂಡು ಗತ್ತಿನಲ್ಲಿ ಓಡಾಡುವುದೇ ಅವರ ಹೆಗ್ಗುರುತು. 'ಹಾವೊರಿ ಗೇಶಾ' ಅಂತಲೇ ಅವರಿಗೆ ಹೆಸರು ಬಿತ್ತು. ಎದೋ ಮುಗಿದು ಬಂದ ಮೇಜಿ ಕಾಲದ ಹೊತ್ತಿಗೆ ಉಳಿದ ಹೆಂಗಸರೂ ಶುರು ಮಾಡಿದರು.

ರಾಕುಗೋ ಅಂತ ಒಂದು ಕಲೆ ಇದೆ. ಒಬ್ಬನೇ ಕಲಾವಿದ ದಿಂಬಿನ ಮೇಲೆ ಕೂತು ನಗೆಕಥೆ ಹೇಳುವುದು. ಅಲ್ಲಿ ತೀರಾ ಹೊಸಬರಿಗೆ ಹಾವೊರಿ ಹಾಕುವ ಹಕ್ಕಿಲ್ಲ. ಒಂದು ಮೆಟ್ಟಿಲು ಮೇಲೇರಿದ ಮೇಲೆ ಸಿಗುತ್ತದೆ. ಕಲಾವಿದ ಸುಮ್ನೆ ಅದು ಇದು ಮಾತಾಡುತ್ತಾ ಮಾತಾಡುತ್ತಾ ಹಾವೊರಿಯನ್ನು ಹೆಗಲಿಂದ ಜಾರಿಸಿ ಹಿಂದಕ್ಕೆ ಬಿಟ್ಟರೆ, ಇನ್ನು ನಿಜವಾದ ಕಥೆ ಶುರು ಅಂತ ಸಭೆಗೆ ಗೊತ್ತಾಗುತ್ತದೆ. ಜಪಾನಿ ಅರ್ಧಂಬರ್ಧ ಬಂದರೂ ಆ ಕೈಚಳಕ ನೋಡಲಿಕ್ಕೆ ಒಮ್ಮೆ ಹೋಗಿ.

ಹೊರಗಡೆ ಇಷ್ಟು ಸಪ್ಪೆ, ಒಳಗಡೆ ಇಷ್ಟು ಬಣ್ಣ. ಉಲ್ಟಾ ಹೊಲಿದಿದ್ದಾರಾ?

ಇಲ್ಲ, ಅದೇ ಅದರ ಮಜಾ. ನಾನು ಈ ಹುಚ್ಚಿಗೆ ಬಿದ್ದದ್ದೇ ಅಸ್ತರಿಯಿಂದ, ಅಂದರೆ ಒಳಗಿನ ಲೈನಿಂಗ್ ಬಟ್ಟೆಯಿಂದ.

ಎದೋ ಸರ್ಕಾರ ಜನ ಯಾವ ಬಟ್ಟೆ ತೊಡಬೇಕು, ಯಾವ ಬಣ್ಣ ತೊಡಬೇಕು ಅಂತ ಆಗಾಗ ಆಜ್ಞೆ ಹೊರಡಿಸುತ್ತಿತ್ತು. ವ್ಯಾಪಾರಿಗಳ ಕೈಯಲ್ಲಿ ದುಡ್ಡು ಇತ್ತು, ಆದರೆ ಮೈಮೇಲೆ ತೋರಿಸುವ ಹಾಗಿರಲಿಲ್ಲ. ಕಂದು, ಬೂದು, ನೀಲಿ, ಇಷ್ಟರಲ್ಲೇ ಇರಬೇಕು. ಅವರು ಆ ಬಣ್ಣಗಳಲ್ಲೇ ಎಷ್ಟು ಬಗೆ ಹುಟ್ಟಿಸಿದರೆಂದರೆ 'ನಲವತ್ತೆಂಟು ಕಂದು, ನೂರು ಬೂದು' ಅನ್ನುವ ಮಾತೇ ಇದೆ. ಜೊತೆಗೆ ಆಸೆಯನ್ನೆಲ್ಲ ಒಳಕ್ಕೆ ತಳ್ಳಿದರು. ಹೊರಗೆ ಬೂದಿ ಬಣ್ಣದ ಕೋಟು, ಒಳಗೆ ಫೂಜಿ ಬೆಟ್ಟ, ಬಿದಿರಿನ ನಡುವೆ ಹುಲಿ, ಡ್ರ್ಯಾಗನ್, ಗಿಡುಗ. ಅಸ್ತರಿಗೆ 'ಹಾವುರಾ' ಅನ್ನುತ್ತಾರೆ. ಗೆಳೆಯನ ಮನೆಗೆ ಹೋಗಿ ಕೋಟು ಬಿಚ್ಚುವಾಗ ಒಂದು ಕ್ಷಣ ಕಂಡು ಮಾಯವಾಗಬೇಕು. ಅದು ಗತ್ತು.

ನನ್ನ ಹತ್ತಿರ ಗಂಡಸರದ್ದೊಂದು ಹಾವೊರಿ ಇದೆ. ಹೊರಗೆ ಕಾಡಿಗೆ ಕಪ್ಪು, ಒಂದು ಗೆರೆ ಕೂಡ ಇಲ್ಲ. ಒಳಗೆ ಬೆನ್ನಿನ ಅಗಲಕ್ಕೂ ಬಿಳಿ ರೇಷ್ಮೆ. ಅದರ ಮೇಲೆ ಮಸಿಯಲ್ಲಿ ಒಬ್ಬ ಮೀನುಗಾರ, ಒಂದು ದೋಣಿ, ಮೂಲೆಯಲ್ಲಿ ಉಗುರಿನಷ್ಟು ಚಂದ್ರ. ದೋಣಿಯ ಪಕ್ಕದಲ್ಲಿ ಒಂದೇ ಒಂದು ಕುಂಚದ ಎಳೆತ, ಅದೇ ನೀರು. ಆಫೀಸಿನ ಕುರ್ಚಿಯ ಬೆನ್ನಿಗೆ ಇದನ್ನು ಹಾಕುವಾಗ ಒಳಗಡೆ ಹೊರಗೆ ಬರುವ ಹಾಗೆ ಹಾಕುತ್ತೇನೆ. ಬೇಕೂಂತಲೇ.

ಒಂದು ಎಚ್ಚರಿಕೆ. 1930ರ ದಶಕದ ಅಸ್ತರಿಗಳಲ್ಲಿ ವಿಮಾನ, ಟ್ಯಾಂಕು, ಯುದ್ಧನೌಕೆಯ ಚಿತ್ರಗಳೂ ಇರುತ್ತವೆ. ಯುದ್ಧದ ಪ್ರಚಾರ ಬಟ್ಟೆಯವರೆಗೂ ಬಂದಿತ್ತು. ಚೀನಾ, ಕೊರಿಯಾದ ಸಹೋದ್ಯೋಗಿಗಳ ಮುಂದೆ ಅದನ್ನು ಬಿಚ್ಚಿ ಹಾಕುವುದು ಒಳ್ಳೆಯದಲ್ಲ. ಕೊಳ್ಳುವ ಮುಂಚೆ ಒಳಗಡೆ ಪೂರ್ತಿ ಬಿಡಿಸಿ ನೋಡಿ.

ಹಾಪ್ಪಿ, ಹಾಂತೆನ್, ನೊರಾಗಿ ಅಂತೆಲ್ಲ ಹೆಸರು ಕೇಳಿದ್ದೇನೆ. ಎಲ್ಲ ಒಂದೇನಾ?

ಅಂಗಡಿಯವರು ಎಲ್ಲಕ್ಕೂ ಹಾವೊರಿ ಅಂತ ಚೀಟಿ ಅಂಟಿಸುತ್ತಾರೆ, ನಂಬಬೇಡಿ.

ಹಾಪ್ಪಿ ಹಬ್ಬದಲ್ಲಿ ಪಲ್ಲಕ್ಕಿ ಹೊರುವವರು, ಅಂಗಡಿಯ ಕೆಲಸಗಾರರು ಹಾಕುವ ಹಗುರ ಹತ್ತಿಯ ಅಂಗಿ. ಬೆನ್ನ ಮೇಲೆ ದೊಡ್ಡ ಅಕ್ಷರ ಇರುತ್ತದೆ. 1966ರಲ್ಲಿ ಬೀಟಲ್ಸ್ ತಂಡ ಟೋಕಿಯೋದಲ್ಲಿ ವಿಮಾನ ಇಳಿದಾಗ ಮೈಮೇಲಿದ್ದದ್ದು ಏರ್‌ಲೈನ್ಸ್‌ನವರು ಕೊಟ್ಟ ಹಾಪ್ಪಿ.

ಹಾಂತೆನ್ ಚಳಿಗಾಲದ್ದು, ಒಳಗೆ ಹತ್ತಿ ತುಂಬಿರುತ್ತದೆ. ಕ್ಯೂಶು ದ್ವೀಪದ ಕುರುಮೆಯದು ಹೆಸರುವಾಸಿ. ಮನೆಯಲ್ಲಿ ಕೊತಾತ್ಸು, ಅಂದರೆ ಕೆಳಗೆ ಹೀಟರ್ ಇರುವ ಗಿಡ್ಡ ಮೇಜು, ಅದರೊಳಗೆ ಕಾಲು ಚಾಚಿ ಕಿತ್ತಳೆ ತಿನ್ನುವಾಗ ಹಾಕುವ ಬಟ್ಟೆ ಇದು. ಹಾಂತೆನ್‌ನಲ್ಲಿ ರೈಲ್ವೇ ಸ್ಟೇಷನ್ನಿಗೆ ಹೋದರೆ, ನಮ್ಮಲ್ಲಿ ನೈಟಿ ಮೇಲೆ ಟವೆಲ್ ಹಾಕಿಕೊಂಡು ಹಾಲಿಗೆ ಹೋದ ಹಾಗೆ. ಹೋಗಬಾರದು ಅಂತೇನಿಲ್ಲ. ಬೀದಿಯ ಕೊನೆಯವರೆಗೆ ಪರವಾಗಿಲ್ಲ.

ನೊರಾಗಿ ಹೊಲದ ಬಟ್ಟೆ. ತೇಪೆ ಮೇಲೆ ತೇಪೆ ಹಾಕಿ, ಹೊಲಿಗೆ ಮೇಲೆ ಹೊಲಿಗೆ ಹಾಕಿ ತಲೆಮಾರುಗಟ್ಟಲೆ ಉಟ್ಟಿದ್ದು. ಉತ್ತರ ಕರ್ನಾಟಕದ ಕೌದಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜಪಾನಿನ ಉತ್ತರದ ತ್ಸುಗಾರು ಸೀಮೆಯಲ್ಲಿ ಚಳಿಗೆ ಹತ್ತಿ ಬೆಳೆಯುವುದಿಲ್ಲ, ಹತ್ತಿ ಬಟ್ಟೆ ತೊಡಲು ರೈತರಿಗೆ ಅಪ್ಪಣೆಯೂ ಇರಲಿಲ್ಲ. ಸೆಣಬಿನ ಜಾತಿಯ ನಾರಿನ ಒರಟು ನೀಲಿ ಬಟ್ಟೆ ಗಾಳಿ ತಡೆಯುತ್ತಿರಲಿಲ್ಲ. ಅದಕ್ಕೆ ಹೆಂಗಸರು ಬಿಳಿ ನೂಲಿನಲ್ಲಿ ಎಳೆ ಎಣಿಸಿ ಎಣಿಸಿ ಎದೆ, ಹೆಗಲ ಭಾಗವನ್ನು ತುಂಬಿಸಿದರು. ಇದಕ್ಕೆ ಕೊಗಿನ್ ಅನ್ನುತ್ತಾರೆ. ಬೆಸ ಸಂಖ್ಯೆಯ ಎಳೆ ಮಾತ್ರ ಎಣಿಸುವುದು, 1, 3, 5 ಹೀಗೆ. ಪಕ್ಕದ ನಂಬು ಸೀಮೆಯಲ್ಲಿ ಸಮ ಸಂಖ್ಯೆ. ಧಾರವಾಡದ ಕಸೂತಿಯೂ ಎಳೆ ಎಣಿಸುವ ಕೆಲಸವೇ ಅಲ್ವಾ. ಅಲ್ಲಿ ಗೋಪುರ, ತೇರು ಮೂಡುತ್ತವೆ, ಇಲ್ಲಿ ಬರೀ ವಜ್ರದಾಕಾರ.

ಗುರುತು ಹಿಡಿಯುವ ಸುಲಭ ದಾರಿ: ಹಾವೊರಿಗೆ ಪಕ್ಕದಲ್ಲಿ, ಕಂಕುಳಿಂದ ಕೆಳಕ್ಕೆ, ಒಂದು ಉದ್ದನೆ ತ್ರಿಕೋನದ ಪಟ್ಟಿ ಸೇರಿಸಿರುತ್ತಾರೆ. ಕಾಲರು ಹೊರಕ್ಕೆ ಮಡಚಿಕೊಳ್ಳುತ್ತದೆ. ಹಾಂತೆನ್‌ಗೆ ಇವೆರಡೂ ಇರುವುದಿಲ್ಲ.

ಎಲ್ಲಿ ಸಿಗುತ್ತದೆ, ಎಷ್ಟು ಕೊಡಬೇಕು?

ಹೊಸದಾಗಿ ರೇಷ್ಮೆಯಲ್ಲಿ ಹೊಲಿಸಿದರೆ ಜೇಬು ಖಾಲಿ. ಹಳೆಯದು ಕೊಳ್ಳಿ. ಕ್ಯೋಟೋದ ತೋಜಿ ದೇವಾಲಯದಲ್ಲಿ ಪ್ರತಿ ತಿಂಗಳು 21ಕ್ಕೆ ಸಂತೆ, ಕಿತಾನೊ ತೆನ್‌ಮಾಂಗು ದೇವಾಲಯದಲ್ಲಿ 25ಕ್ಕೆ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯವು ಸಿಗುತ್ತವೆ, ಮಧ್ಯಾಹ್ನ ಮೂರರ ಮೇಲೆ ಹೋದರೆ ಕಡಿಮೆಗೆ ಸಿಗುತ್ತವೆ. ನಾನು ರಾಶಿಯಲ್ಲಿ ಕೈಹಾಕಿ 500 ಯೆನ್‌ಗೆ ತೆಗೆದದ್ದಿದೆ, 3000 ಕೊಟ್ಟದ್ದೂ ಇದೆ. ಬೇರೆ ಊರುಗಳಲ್ಲಿ 'ರಿಸೈಕಲ್ ಕಿಮೋನೋ' ಅನ್ನುವ ಬೋರ್ಡು ಹುಡುಕಿ.

ರೇಷ್ಮೆ ಇಷ್ಟು ಅಗ್ಗವಾಗಿ ಸಿಗಲು ಕಾರಣ ಬೇಸರದ್ದೇ. ಅಜ್ಜಿ ತೀರಿಕೊಳ್ಳುತ್ತಾರೆ, ಬೀರು ಖಾಲಿ ಮಾಡಬೇಕು, ಮೊಮ್ಮಗಳಿಗೆ ಅಳತೆ ಆಗುವುದಿಲ್ಲ, ಉಡಲಿಕ್ಕೂ ಬರುವುದಿಲ್ಲ. ಮೂಟೆಗಟ್ಟಲೆ ಸಂತೆಗೆ ಬರುತ್ತವೆ.

ನನ್ನ ಸೈಜು ಎಕ್ಸ್‌ಎಲ್. ಸಿಗುತ್ತಾ?

ಅಗಲದ ಚಿಂತೆ ಬಿಡಿ, ಮುಂದೆ ತೆರೆದಿರುವ ಬಟ್ಟೆ. ನೋಡಬೇಕಾದ್ದು ತೋಳು. ಜಪಾನಿನಲ್ಲಿ ಇದಕ್ಕೆ 'ಯುಕಿ' ಎಂಬ ಅಳತೆ ಇದೆ. ಕತ್ತಿನ ಹಿಂದಿನ ಮೂಳೆಯಿಂದ ಹೆಗಲ ಮೇಲೆ ಹಾದು ಮಣಿಕಟ್ಟಿನವರೆಗೆ ಟೇಪು ಹಿಡಿಯಬೇಕು.

ಇದಕ್ಕೊಂದು ಮಿತಿ ಇದೆ. ಕಿಮೋನೋ ಬಟ್ಟೆಯ ಥಾನು ಸುಮಾರು 36 ಸೆಂಟಿಮೀಟರ್ ಅಗಲ, 12 ಮೀಟರ್ ಉದ್ದ. ಬೆನ್ನಿನ ನಡುವಿನಿಂದ ಹೆಗಲಿಗೆ ಒಂದು ಅಗಲ, ಅಲ್ಲಿಂದ ಮಣಿಕಟ್ಟಿಗೆ ಇನ್ನೊಂದು. ಹೊಲಿಗೆಗೆ ಹೋದದ್ದು ಕಳೆದರೆ 68 ಸೆಂಟಿಮೀಟರ್ ದಾಟುವುದು ಕಷ್ಟ. ಹಳೆಯ ಹೆಂಗಸರ ಹಾವೊರಿಗಳು 62, 64ರಲ್ಲೇ ನಿಲ್ಲುತ್ತವೆ. ನೀವು ಎತ್ತರದವರಾದರೆ ಮಣಿಕಟ್ಟು ಹೊರಗೆ ಕಾಣುತ್ತದೆ. ಒಳಗೆ ಉದ್ದ ತೋಳಿನ ಟೀಶರ್ಟ್ ಹಾಕಿ, ಯಾರಿಗೂ ಏನೂ ಅನಿಸುವುದಿಲ್ಲ.

ಉದ್ದದಲ್ಲಿ ಕಾಲಕ್ಕೊಂದು ಫ್ಯಾಶನ್. ತೈಶೋ ಕಾಲದ್ದು, ಅಂದರೆ 1912ರಿಂದ 1926ರದ್ದು, ಮೊಣಕಾಲಿನ ಹತ್ತಿರ ಬರುತ್ತದೆ. ಯುದ್ಧದ ನಂತರದವು ಗಿಡ್ಡ. ಜೀನ್ಸ್ ಮೇಲೆ ನನಗೆ ಗಿಡ್ಡವೇ ಇಷ್ಟ. ಸೀರೆ ಮೇಲಾದರೆ ಉದ್ದ.

ಕೊಳ್ಳುವಾಗ ಏನೇನು ನೋಡಬೇಕು?

ಮೂಗಿಗೆ ಹಿಡಿಯಿರಿ. ಕರ್ಪೂರದ ವಾಸನೆಯಾದರೆ ನೆರಳಿನಲ್ಲಿ ನಾಲ್ಕು ದಿನ ಹರಡಿದರೆ ಹೋಗುತ್ತದೆ. ಬೂಷ್ಟಿನ ವಾಸನೆಯಾದರೆ ಇಟ್ಟುಬಿಡಿ, ಅದು ಹೋಗುವುದಿಲ್ಲ, ಬೀರುವಿನ ಉಳಿದ ಬಟ್ಟೆಗೂ ಹತ್ತುತ್ತದೆ. ಕಂಕುಳ ಹತ್ತಿರದ ಹೊಲಿಗೆಯನ್ನು ಎರಡು ಕೈಯಲ್ಲಿ ಮೆಲ್ಲಗೆ ಎಳೆಯಿರಿ. ಹಳೇ ರೇಷ್ಮೆ ಒಣ ಎಲೆಯ ಹಾಗೆ ಬಿಟ್ಟುಕೊಳ್ಳುತ್ತದೆ. ಮೆಯ್ಸೆನ್ ಅಂತ ಒಂದು ಬಗೆ ಇದೆ. ಇಸೆಸಾಕಿ, ಚಿಚಿಬು ಕಡೆಯದು. ನೇಯುವ ಮುಂಚೆಯೇ ನೂಲಿಗೆ ಬಣ್ಣ ಹಾಕಿರುತ್ತಾರೆ, ನಮ್ಮ ಪೋಚಂಪಳ್ಳಿಯ ಹಾಗೆ ಅಂಚುಗಳು ಕದಡಿದಂತೆ ಕಾಣುತ್ತವೆ. ಸುಮಾರು ನೂರು ವರ್ಷದ ಹಿಂದೆ ಹುಡುಗಿಯರ ದಿನದ ಉಡುಪು ಅದು. ಎಂಥಾ ಬಣ್ಣಗಳು! ನೋಡಿದ ಕೂಡಲೇ ಕೊಳ್ಳಬೇಕು ಅನಿಸುತ್ತದೆ. ಎಳೆದು ನೋಡದೆ ಕೊಳ್ಳಬೇಡಿ.

ತೋಳಿನ ಕೆಳಮೂಲೆಗೆ ಬೆರಳು ಹಾಕಿ. ಅಲ್ಲಿ ಹತ್ತಿಯಂಥ ಧೂಳಿನ ಉಂಡೆ ಸಿಗುತ್ತದೆ. ಅದಕ್ಕೂ ಜಪಾನಿನವರು ಹೆಸರಿಟ್ಟಿದ್ದಾರೆ, 'ತಮೊತೊಕುಸೊ', ತೋಳಿನ ಹೇಲು ಅಂತ. ಧೂಳಿನ ಜೊತೆ ಒಮ್ಮೆ ನನಗೆ ಒಂದು ಹೇರ್‌ಪಿನ್ನೂ, ಬೇರೆ ಯಾರದೋ ಲಾಂಡ್ರಿ ಚೀಟಿಯೂ ಸಿಕ್ಕಿತ್ತು.

ಒಳಗೆ ಏನು ಹಾಕಬೇಕು?

ಏನಾದರೂ. ಟೀಶರ್ಟು, ಟರ್ಟಲ್‌ನೆಕ್, ಕಾಟನ್ ಕುರ್ತಾ. ಯುಗಾದಿಗೆ ಇಲ್ಲಿನ ನಾಲ್ಕು ಕನ್ನಡ ಮನೆಯವರು ಸೇರಿದ್ದಾಗ ಇಳಕಲ್ ಸೀರೆಯ ಮೇಲೆ ಹಾಕಿದ್ದೆ. ಸೆರಗನ್ನು ಹಾವೊರಿಯ ಒಳಗೇ ಬಿಟ್ಟರೆ ಸರಿಹೋಗುತ್ತದೆ. ಪ್ಯಾಂಟು ಬಿಗಿಯಾಗಿರಲಿ. ಮೇಲೂ ದೊಗಲೆ, ಕೆಳಗೂ ದೊಗಲೆ ಆದರೆ ಮದುವೆ ಚಪ್ಪರ ನಡೆದು ಬಂದ ಹಾಗೆ ಕಾಣುತ್ತದೆ.

ಎರಡು ವಿಷಯ ಮಾತ್ರ ನೆನಪಿಡಿ. ಒಂದು, ಕಾಲರು. ಕತ್ತಿನ ಹಿಂದೆ ಅದನ್ನು ಅರ್ಧಕ್ಕೆ ಹೊರಗೆ ಮಡಿಸಬೇಕು. ಬಸ್ಸಿನ ಅಜ್ಜಿ ಮಾಡಿದ್ದು ಇದನ್ನೇ. ಎರಡು, ಹುರಿ. ಕಾಲರಿನ ಒಳಗಡೆ ಎದೆಯ ಮಟ್ಟದಲ್ಲಿ ಎರಡು ಪುಟ್ಟ ಕುಣಿಕೆ ಇರುತ್ತವೆ. 'ಹಾವೊರಿ ಹಿಮೊ' ಅನ್ನುವ ಹುರಿ ಅಲ್ಲಿಗೆ ಸಿಕ್ಕಿಸುವುದು. ಹಳೆಯವು ಹುರಿ ಇಲ್ಲದೇ ಬರುತ್ತವೆ. ಬೇರೆ ಕೊಳ್ಳಬಹುದು. ಮಣಿ ಪೋಣಿಸಿದವೂ ಸಿಗುತ್ತವೆ. ನಾನು ತುಂಡಾದ ಹವಳದ ಸರಕ್ಕೆ ಎರಡು ಕೊಕ್ಕೆ ಹಾಕಿಕೊಂಡಿದ್ದೇನೆ. ಕಟ್ಟದೆ ಬಿಟ್ಟರೂ ನಡೆಯುತ್ತದೆ, ಆದರೆ ಗಾಳಿಗೆ ಎರಡೂ ಬದಿ ರೆಕ್ಕೆಯ ಹಾಗೆ ಹಾರುತ್ತವೆ.

ಎಡ ಮೇಲೋ ಬಲ ಮೇಲೋ ಅನ್ನುವ ಭಯ ಬೇಡ. ಕಿಮೋನೋದಲ್ಲಿ ಎಡಭಾಗ ಮೇಲೆ ಬರಲೇಬೇಕು, ಉಲ್ಟಾ ಉಡಿಸುವುದು ಹೆಣಕ್ಕೆ. ಹಾವೊರಿಯಲ್ಲಿ ಒಂದರ ಮೇಲೊಂದು ಬರುವುದೇ ಇಲ್ಲವಲ್ಲ.

ಕಪ್ಪು ಹಾವೊರಿಯ ಮೇಲೆ ಬಿಳಿ ವೃತ್ತದ ಗುರುತು ಇದೆ. ಹಾಕಬಹುದಾ?

ಅದು 'ಕಮೋನ್', ಮನೆತನದ ಮುದ್ರೆ. ಐದು ಇದ್ದರೆ, ಅಂದರೆ ಬೆನ್ನಿಗೆ ಒಂದು, ತೋಳುಗಳ ಹಿಂದೆ ಎರಡು, ಎದೆಗೆ ಎರಡು, ಅದು ಗಂಡಸರಿಗೆ ಮದುಮಗನ ಮಟ್ಟದ ಬಟ್ಟೆ. ಜೀನ್ಸ್ ಮೇಲೆ ಹಾಕಿದರೆ ಯಾರೂ ಹಿಡಿದು ಕೇಳುವುದಿಲ್ಲ, ಆದರೆ ಟೀಶರ್ಟ್ ಮೇಲೆ ಮದುವೆ ಪೇಟ ಇಟ್ಟ ಹಾಗೆ. ನನಗೇನೋ ಇಷ್ಟವಿಲ್ಲ. ಬೆನ್ನಿಗೆ ಒಂದೇ ಮುದ್ರೆ ಇರುವ ಹೆಂಗಸರ ಕಪ್ಪು ಹಾವೊರಿಯಾದರೆ ಧಾರಾಳವಾಗಿ ಹಾಕಿ. 1960, 70ರ ದಶಕದಲ್ಲಿ ಮಕ್ಕಳ ಶಾಲೆಯ ಸಮಾರಂಭಕ್ಕೆ ಅಮ್ಮಂದಿರೆಲ್ಲ ಇದನ್ನೇ ಹಾಕಿ ಬರುತ್ತಿದ್ದರು. 'ಪಿಟಿಎ ಹಾವೊರಿ' ಅಂತ ತಮಾಷೆ ಮಾಡುತ್ತಾರೆ. ಸಾವಿನ ಮನೆಗೂ ಅದೇ ನಡೆಯುತ್ತಿತ್ತು. ಈಗ ಯಾರೂ ಹಾಕುವುದಿಲ್ಲ, ಅದಕ್ಕೇ ಸಂತೆಯಲ್ಲಿ ಅವೇ ಜಾಸ್ತಿ.

ಬೇರೆಯವರ ಮನೆತನದ ಮುದ್ರೆ ಹೇಗೆ ಹಾಕಲಿ ಅನಿಸಿದರೆ, ಪೌಲೋನಿಯಾ ಮರದ ಎಲೆ, ಹೂವಿನ ಮುದ್ರೆ ಇರುವುದನ್ನು ಹುಡುಕಿ. ಬಾಡಿಗೆ ಬಟ್ಟೆಗಳಲ್ಲಿ ಇರುವುದು ಸಾಮಾನ್ಯವಾಗಿ ಅದೇ. ಯಾರ ಮನೆಯವರಿಗಾದರೂ ಆಗುತ್ತದೆ.

ಗಂಡಸರದು, ಹೆಂಗಸರದು ಹೇಗೆ ಗೊತ್ತಾಗುತ್ತದೆ?

ಕಂಕುಳ ಕೆಳಗೆ ಕೈ ಹಾಕಿ. ಹೆಂಗಸರದ್ದರಲ್ಲಿ ತೋಳಿನ ಒಳಬದಿ ಮೈಗೆ ಸೇರದೆ ಬಿಟ್ಟುಕೊಂಡಿರುತ್ತದೆ. ಗಂಡಸರದ್ದರಲ್ಲಿ ಹೊಲಿದಿರುತ್ತದೆ. ಈ ವ್ಯತ್ಯಾಸ ಗೊತ್ತಾಗುವುದು ತೋಳನ್ನು ಜೇಬಿನ ಹಾಗೆ ಬಳಸುವಾಗ. ಗಂಡಸರ ತೋಳಿನೊಳಗೆ ಫೋನು, ಪರ್ಸು ಹಾಕಿದರೆ ಕೂತಿರುತ್ತದೆ. ಹೆಂಗಸರದ್ದರಲ್ಲಿ ಜಾರುತ್ತದೆ. ನನ್ನ ಫೋನು ಕಾಮೊ ನದಿಯ ದಂಡೆಯ ಮೇಲೆ ಸೈಕಲ್ಲಿನಿಂದ ಬಿದ್ದು ಒಡೆದದ್ದು ಹೀಗೆ. ಅದಾದ ಮೇಲೆ ನಾನು ಗಂಡಸರದ್ದೇ ಜಾಸ್ತಿ ಕೊಳ್ಳುವುದು.

ಅಷ್ಟು ದೊಡ್ಡ ತೋಳು ಇಟ್ಟುಕೊಂಡು ಕೆಲಸ ಮಾಡೋದು ಹೇಗೆ?

ಬಾಗಿಲ ಹಿಡಿಗೆ ಸಿಕ್ಕಿಕೊಳ್ಳುತ್ತದೆ. ರಾಮೆನ್ ಬಟ್ಟಲಿಗೆ ಅದ್ದುತ್ತದೆ. ಕೈ ತೊಳೆಯುವಾಗ ಒದ್ದೆಯಾಗುತ್ತದೆ. ಒಂದು ವಾರ ಆದಮೇಲೆ ಕೈಯೇ ಕಲಿಯುತ್ತದೆ. ಏನನ್ನಾದರೂ ತೆಗೆದುಕೊಳ್ಳಲು ಬಲಗೈ ಚಾಚಿದರೆ ಎಡಗೈ ತಾನಾಗಿ ಬಲತೋಳನ್ನು ಹಿಡಿಯುತ್ತದೆ. ಅಡುಗೆ, ಪಾತ್ರೆ ಅಂದರೆ ಬಿಚ್ಚಿಡಿ. ಸಾರಿನ ಅರಿಶಿನ ರೇಷ್ಮೆಗೆ ಬಿದ್ದರೆ ದೇವರೂ ತೆಗೆಯಲಾರ. ಬೆನ್ನಿಗೆ ಹಾಕುವ ಬ್ಯಾಗು ಬೇಡ, ಉಜ್ಜಿ ಉಜ್ಜಿ ಹೆಗಲಲ್ಲಿ ಬಟ್ಟೆ ಸವೆಯುತ್ತದೆ.

ಒಳಗೆ ಹೋದಮೇಲೆ ಬಿಚ್ಚಬೇಕಾ?

ಬೇಡ. ಕಾರ್ಡಿಗನ್ ಥರ. ಟೀ ಸೆರೆಮನಿಗೆ ಮಾತ್ರ ಬಿಚ್ಚಿಟ್ಟು ಹೋಗಬೇಕು.

ಯಾವ ಕಾಲಕ್ಕೆ?

'ಮೇಪಲ್ ಕೆಂಪಾದಾಗಿನಿಂದ ಚೆರಿ ಹೂ ಬಿಡುವವರೆಗೆ' ಅನ್ನುವುದು ಇಲ್ಲಿನ ಲೆಕ್ಕ. ಬೇಸಿಗೆಗೆ 'ರೊ', 'ಶಾ' ಅಂತ ಜಾಳಿಗೆ ನೇಯ್ಗೆಯವು ಇವೆ, ಒಳಗಿನ ಬಟ್ಟೆ ಮಸುಕಾಗಿ ಕಾಣುತ್ತದೆ. ಬೆಂಗಳೂರಿಗೆ ಒಯ್ಯುವವರು ಅಸ್ತರಿ ಇರುವ ರೇಷ್ಮೆಯನ್ನು ಡಿಸೆಂಬರ್, ಜನವರಿ ಸಂಜೆಗೆ ಇಟ್ಟುಕೊಳ್ಳಿ. ಮಂಗಳೂರಿನವರು 'ಶಾ' ಕೊಳ್ಳಿ, ಇಲ್ಲವೇ ಗೋಡೆಗೆ ತೂಗುಹಾಕಿ.

ಒಗೆಯೋದು ಹೇಗೆ?

ಪಾಲಿಯೆಸ್ಟರ್ ಆದರೆ ಬಲೆ ಚೀಲದಲ್ಲಿ ಹಾಕಿ ವಾಷಿಂಗ್ ಮೆಷಿನ್ನಿಗೆ. ಹತ್ತಿಯಾದರೆ ತಣ್ಣೀರಿನಲ್ಲಿ ಕೈಯಲ್ಲಿ. ರೇಷ್ಮೆಗೆ ನೀರು ಮುಟ್ಟಿಸಬೇಡಿ.

ಅದರಲ್ಲೂ ಚಿರಿಮೆನ್, ಅಂದರೆ ಮರಳಿನಂತೆ ತರಿತರಿಯಾಗಿರುವ ಕ್ರೇಪ್ ರೇಷ್ಮೆ. ಅದರ ಅಡ್ಡ ಎಳೆಗಳನ್ನು ವಿಪರೀತ ಹುರಿಗೊಳಿಸಿರುತ್ತಾರೆ. ನೀರು ಬಿದ್ದೊಡನೆ ಆ ಹುರಿ ಬಿಗಿದುಕೊಳ್ಳುತ್ತದೆ, ಬಟ್ಟೆ ಕುಗ್ಗುತ್ತದೆ. ಏಪ್ರಿಲ್‌ನ ಒಂದು ಸಂಜೆ ಕೊಡೆಯಿಲ್ಲದೆ ಹತ್ತು ನಿಮಿಷ ನಡೆದೆ. ಮನೆಗೆ ಬಂದು ನೋಡಿದರೆ ತೋಳಿನ ತುದಿ ಒಂದು ಬೆರಳಿನಷ್ಟು ಮೇಲೆ ಹೋಗಿದೆ. ಅಸ್ತರಿ ಕುಗ್ಗಿಲ್ಲ, ಹೊರಗೆ ಇಣುಕುತ್ತಿದೆ, ಲಂಗದ ಕೆಳಗೆ ಪೆಟಿಕೋಟ್ ಇಣುಕಿದ ಹಾಗೆ. ಅದು ಸರಿಹೋಗಲೇ ಇಲ್ಲ.

ಡ್ರೈಕ್ಲೀನಿಂಗ್‌ಗೆ ಕೊಡುವಾಗ ಇಸ್ತ್ರಿ ಬೇಡ ಅಂತ ಬರೆಸಿ. ಗೆಳತಿಯೊಬ್ಬಳು ಊರಿನ ಅಂಗಡಿಯೊಂದಕ್ಕೆ ಶಿಬೋರಿ ಹಾವೊರಿ ಕೊಟ್ಟಳು. ನಮ್ಮ ಬಾಂಧನಿಯ ಹಾಗೆ ಚಿಕ್ಕ ಚಿಕ್ಕ ಗಂಟು ಕಟ್ಟಿ ಬಣ್ಣ ಹಾಕಿದ್ದು, ಮೈತುಂಬ ಮೊಡವೆಯಂತೆ ಉಬ್ಬು ಇರುತ್ತದೆ. ಅವರು ಪಾಪ ಶ್ರದ್ಧೆಯಿಂದ ಹಬೆ ಇಸ್ತ್ರಿ ಹಾಕಿ ಚಪ್ಪಟೆ ಮಾಡಿ, ನೀಟಾಗಿ ಮಡಿಸಿ ಕೊಟ್ಟರು. ಅವಳು ಅಂಗಡಿಯಲ್ಲೇ ಅತ್ತಳು.

ಜಪಾನಿನ ಹಳೇ ಪದ್ಧತಿ ಬೇರೆಯೇ. ಇಡೀ ಬಟ್ಟೆಯ ಹೊಲಿಗೆ ಬಿಚ್ಚಿ, ತುಂಡುಗಳನ್ನು ಒಗೆದು ಎಳೆದು ಒಣಗಿಸಿ, ಮತ್ತೆ ಹೊಲಿಯುವುದು. ಎಲ್ಲ ನೇರ ಹೊಲಿಗೆಯೇ ಆದ್ದರಿಂದ ಆಗುತ್ತದೆ. ಇದಕ್ಕೆ 'ಅರಾಯ್‌ಹರಿ' ಅನ್ನುತ್ತಾರೆ. ಈಗಲೂ ಮಾಡಿಕೊಡುವವರಿದ್ದಾರೆ, 500 ಯೆನ್ ಕೋಟಿಗೆ ಯಾರೂ ಮಾಡಿಸುವುದಿಲ್ಲ.

ಬೀರುವಿನಲ್ಲಿ ನುಸಿ ಗುಳಿಗೆ ಹಾಕಬಹುದಾ?

ಒಂದೇ ಬಗೆಯದು ಹಾಕಿ. ಇದು ನಾನು ಕೆಟ್ಟು ಕಲಿತದ್ದು. ಎರಡು ಹಾವೊರಿ ಊರಿನಲ್ಲಿ ಟ್ರಂಕಿನಲ್ಲಿಟ್ಟು ಬಂದೆ, ಒಳಗೆ ಜಪಾನಿನ ಕರ್ಪೂರದ ಪೊಟ್ಟಣ ಇತ್ತು. ಅಮ್ಮ ಒಳ್ಳೆಯ ಮನಸ್ಸಿನಿಂದ ಒಂದು ಹಿಡಿ ನ್ಯಾಫ್ತಲೀನ್ ಗುಳಿಗೆ ಹಾಕಿದಳು. ಕರ್ಪೂರ, ನ್ಯಾಫ್ತಲೀನ್ ಬೇರೆ ಬೇರೆ ಇದ್ದರೆ ಗಟ್ಟಿ. ಎರಡೂ ಬೆರೆತರೆ ಕಡಿಮೆ ಬಿಸಿಗೇ ಕರಗಿ ನೀರಾಗುತ್ತವೆ. ಬೇಸಿಗೆ ಕಳೆದು ತೆರೆದರೆ ಮಡಿಕೆ ಮಡಿಕೆಯಲ್ಲೂ ಎಣ್ಣೆ ಕಲೆ.

ಹ್ಯಾಂಗರಿನಲ್ಲಿ ತಿಂಗಳುಗಟ್ಟಲೆ ತೂಗಬೇಡಿ, ಹೆಗಲು ಜೋತುಬೀಳುತ್ತದೆ. ಹೊಲಿಗೆ ಇರುವ ಕಡೆಯೇ ಮಡಿಸಿ, ಹಳೇ ಬಿಳಿ ಪಂಚೆಯಲ್ಲಿ ಸುತ್ತಿಡಿ. ವರ್ಷಕ್ಕೊಮ್ಮೆಯಾದರೂ ಒಣ ಹವೆಯ ದಿನ ನೆರಳಿನಲ್ಲಿ ಹರಡಿ. ಇಲ್ಲಿ ಇದಕ್ಕೆ 'ಮುಶಿಬೋಶಿ', ಹುಳ ಒಣಗಿಸುವುದು, ಅನ್ನುತ್ತಾರೆ. ನಮ್ಮಲ್ಲಾದರೆ ಸಂಕ್ರಾಂತಿಯ ಆಸುಪಾಸು ಸರಿ. ಆಷಾಢದಲ್ಲಿ ಬೀರು ತೆಗೆಯಲೇಬೇಡಿ.

ಜಪಾನಿನ ರೇಷ್ಮೆಗೂ ನಮ್ಮ ರೇಷ್ಮೆಗೂ ಏನಾದರೂ ನಂಟಿದೆಯಾ?

ಹಾವೊರಿಗೆ ಇಲ್ಲ, ಹುಳುವಿಗೆ ಇದೆ. ಬೆಂಗಳೂರಿನ ಬಸವನಗುಡಿಯ ಹತ್ತಿರ ಟಾಟಾ ಸಿಲ್ಕ್ ಫಾರ್ಮ್ ಅಂತ ಬಡಾವಣೆ ಇದೆಯಲ್ಲ, ಅಲ್ಲಿ 1890ರ ದಶಕದಲ್ಲಿ ಜಮ್ಶೆಟ್‌ಜಿ ಟಾಟಾ ಜಪಾನಿನ ಪರಿಣತರನ್ನು ಕರೆಸಿ ರೇಷ್ಮೆ ತೋಟ ಮಾಡಿಸಿದ್ದರು. ತೋಟ ಹೋಯಿತು, ಹೆಸರು ಉಳಿಯಿತು. ಆಮೇಲೆ 1991ರಿಂದ ಜಪಾನಿನ ನೆರವಿನ ಸಂಸ್ಥೆ ಜೈಕಾ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ಜೊತೆ ದ್ವಿತಳಿ ಹುಳುವಿನ, ಅಂದರೆ ವರ್ಷಕ್ಕೆ ಎರಡು ಪೀಳಿಗೆ ಕೊಡುವ ಬಗೆಯ ಹುಳುವಿನ, ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತು. ರಾಮನಗರದ ಮಾರುಕಟ್ಟೆಯಲ್ಲಿ ಹಳದಿ ಗೂಡಿನ ಪಕ್ಕ ಬೆಳ್ಳಗೆ ಹೊಳೆಯುವ ಗೂಡು ಕಾಣುತ್ತದಲ್ಲ, ಅದು ದ್ವಿತಳಿ. ಒಂದು ಗೂಡಿನಿಂದ ಸುಮಾರು ಸಾವಿರ ಮೀಟರ್ ಎಳೆ ಬರುತ್ತದೆ. ರಾಮನಗರದ ಕಡೆಯ ಒಬ್ಬ ರೈತರಿಗೆ ನನ್ನ ಹಾವೊರಿ ತೋರಿಸಿದ್ದೆ. ಅಸ್ತರಿಯ ಚಿತ್ರ ನೋಡಲೇ ಇಲ್ಲ ಅವರು. ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, "ಗೂಡು ಒಳ್ಳೇದಿತ್ತು" ಅಂದರು.

ಹರಿದುಹೋದ ಹಾವೊರಿಯನ್ನು ಕತ್ತರಿಸಿ ಕುಶನ್ ಕವರ್ ಮಾಡಿದರೆ ಪಾಪ ಬರುತ್ತಾ?

ಜಪಾನಿನವರೇ ಮಾಡುತ್ತಾರೆ. ಚೀಲ, ಗೊಂಬೆಯ ಬಟ್ಟೆ, ಕೊಡೆ, ಎಲ್ಲ. ಕತ್ತರಿ ಹಾಕುವ ಮುಂಚೆ ಹೊಲಿಗೆ ಬಿಚ್ಚಿ. ಪೂರ್ತಿ ಬಿಚ್ಚಿದರೆ ಉದ್ದನೆ ಆಯತದ ಪಟ್ಟಿಗಳೇ ಸಿಗುತ್ತವೆ, ವ್ಯರ್ಥವಾಗುವುದು ತೀರಾ ಕಡಿಮೆ. ಮಳೆಗೆ ಸಿಕ್ಕ ನನ್ನ ಚಿರಿಮೆನ್ ಒಂದು ತೋಳು ಈಗಾಗಲೇ ಬಿಚ್ಚಿ ಕೂತಿದೆ. ಇನ್ನೊಂದಕ್ಕೆ ಕತ್ತರಿ ಹಾಕಲು ಮನಸ್ಸು ಬಂದಿಲ್ಲ. ಸದ್ಯಕ್ಕೆ ಒಂದೇ ತೋಳಿನ ಕೋಟಾಗಿ ಬಾಗಿಲ ಹಿಂದೆ ನೇತಾಡುತ್ತಿದೆ.